ಅವನ ಕತ್ತಿ ನಾನು ಬಗ್ಗಿಸಿದ್ದು

ನನ್ನ ಪ್ಯಾಟರ್ನ್ ನೇತಾಡ್ತಿದ್ದ ಮೊಳೆಗೆ ಇನ್ನೊಬ್ಬರದ್ದು ಬರಬಹುದು ಅಂತ ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ. ಡಬ್ಬಿ ತೆಗೆದೆ, ಅವರೆಕಾಳು ಸಾರಿನ ವಾಸನೆ ನೋಡಿದೆ, ಮತ್ತೆ ಮುಚ್ಚಿಟ್ಟೆ. ಅವರೆಕಾಳಿನ ಕಾಲದಲ್ಲಿ ನಾನು ಊಟ ಬಿಟ್ಟೆ ಅಂದ್ರೆ ಹೊಟ್ಟೆಯೊಳಗೆ ಎಷ್ಟು ಉರೀತಿತ್ತು ಅಂತ ನನ್ನನ್ನ ಬಲ್ಲವರಿಗೆ ಅರ್ಥ ಆಗುತ್ತೆ.

ಚಿಕ್ಕಬಾಣಾವರದಲ್ಲಿ ರೈಲು ಹಳಿಗೆ ಹತ್ತಿರ ಇರೋ ಒಂದು ಶೆಡ್ಡಲ್ಲಿ ನಾವು ಕತ್ತಿ ಮಾಡ್ತೀವಿ. ಯುರೋಪಿನಲ್ಲಿ ಕುದುರೆ, ಕವಚ, ಕೋಟೆ ಅಂತ ಇದ್ದ ಕಾಲದ ಕತ್ತಿ. ಎರಡೂ ಕೈಯಲ್ಲಿ ಹಿಡಿಯೋ ಉದ್ದನೆಯದು, ಲಾಂಗ್‌ಸ್ವೋರ್ಡ್ ಅಂತಾರೆ. ಅದರ ನಕಲು ನಮ್ಮದು. 'ಯಾರು ಕಣೇ ತಗೊಳ್ಳೋದು ಅದನ್ನ, ಈ ಕಾಲದಲ್ಲಿ?' ಅಂತ ನೆಂಟರು ಮದುವೆ ಮನೆಗಳಲ್ಲಿ ಕೇಳ್ತಾರೆ. ಎರಡು ಥರದ ಜನ ತಗೋತಾರೆ. ಗೋಡೆಗೆ ಹಾಕಿ ನೋಡಿ ಖುಷಿಪಡೋರು ಒಂದು ಥರ. ಇನ್ನೊಂದು ಥರದವರು ಮುಖಕ್ಕೆ ಜಾಲರಿ ಮಾಸ್ಕು, ಮೈಗೆ ದಪ್ಪ ಕೋಟು ಹಾಕ್ಕೊಂಡು, ಆ ಕಾಲದ ವರಸೆಗಳನ್ನ ಕಲಿತು, ನಿಜವಾಗ್ಲೂ ಹೊಡೆದಾಡೋರು. ಗೋಡೆಯದಕ್ಕೆ ನಾವು ಶೋಕಿ ಕತ್ತಿ ಅಂತೀವಿ, ಹೊಡೆದಾಟದ್ದಕ್ಕೆ ಆಟದ ಕತ್ತಿ. ಆಟದ ಕತ್ತಿಗೆ ಧಾರ ಇರಲ್ಲ, ತುದಿ ಮೊಂಡು. ಚುಚ್ಚಿದಾಗ ಎದುರಿನವನ ಮೈಗೆ ತಾಗಿ ಬಿಲ್ಲಿನ ಹಾಗೆ ಬಾಗಬೇಕು, ಬಿಟ್ಟ ಕೂಡಲೇ ನೆಟ್ಟಗಾಗಬೇಕು. ಬಾಗದೆ ಇದ್ರೆ ಪಕ್ಕೆಲುಬು ಮುರಿಯುತ್ತೆ. ಬಾಗಿ ಹಾಗೇ ಉಳಿದ್ರೆ, ಇವತ್ತಲ್ಲ ನಾಳೆ ಅದೇ ಜಾಗದಲ್ಲಿ ಅಲಗು ತುಂಡಾಗುತ್ತೆ. ತುಂಡಾದ ಅಲಗಿಗೆ ಜಾಲರಿ ಮಾಸ್ಕು ಯಾವ ಲೆಕ್ಕ?

ಅಲಗಿನ ಆಕಾರಕ್ಕೆ ತಗಡಲ್ಲಿ ಕತ್ತರಿಸಿದ ಒಂದು ಮಾದರಿ ಇರುತ್ತೆ, ಅದೇ ಪ್ಯಾಟರ್ನ್. ಉಕ್ಕಿನ ಪಟ್ಟಿ ಮೇಲೆ ಅದನ್ನಿಟ್ಟು ಗೆರೆ ಎಳೆದು ಕೊಯ್ಯೋದು. ಯಾವ ಜಾಗದಲ್ಲಿ ಎಷ್ಟು ದಪ್ಪ ಉಳಿಸಬೇಕು ಅನ್ನೋದೂ ಅದರ ಮೇಲೇ ಕೊರೆದಿರುತ್ತೆ. ಈ ಶೆಡ್ಡಿನಿಂದ ಹೊರಗೆ ಹೋದ ಉದ್ದಕತ್ತಿಗಳೆಲ್ಲ ನನ್ನ ಪ್ಯಾಟರ್ನಿನವು. ಬೆಲ್ಟ್ ಗ್ರೈಂಡರ್ ಮುಂದೆ ನಿಂತು, ಉಕ್ಕಿನ ಪುಡಿ ಮೂಗಿಗೆ ತುಂಬ್ಕೊಂಡು, ಒಂದೊಂದು ಅಳತೆಯನ್ನೂ ನಾನೇ ಕಂಡ್ಕೊಂಡಿದ್ದು. ಯಾರಾದ್ರೂ ಬಂದು ಕತ್ತಿ ಎತ್ತಿ 'ಆಹಾ' ಅಂದ್ರೆ ಆ ಆಹಾ ನನ್ನದು. ಇದನ್ನ ಹೇಳ್ಕೊಳ್ಳೋಕೆ ನನಗೇನೂ ನಾಚಿಕೆ ಇಲ್ಲ.

ಹೀಗಿರುವಾಗ ಆರ್.ಟಿ. ನಗರದ ಕಡೆ ಕತ್ತಿ ವರಸೆ ಕಲಿಸೋ ಕೋಚ್ ಒಬ್ಬರು ಬಂದ್ರು. ಬೇರೆ ಬೇರೆ ಊರಿನ ತಂಡಗಳು ಸೇರೋ ಒಂದು ಪಂದ್ಯ ಇದೆ, ಎಲ್ಲರಿಗೂ ಒಂದೇ ಥರದ ಆಟದ ಕತ್ತಿ ಬೇಕು ಅಂದ್ರು. ಓನರ್ ಕುಣಿದಾಡಿಬಿಟ್ರು. ಆಮೇಲೆ ನನ್ನ ಮುಖ ನೋಡದೆ, ಬಾಗಿಲ ಕಡೆ ನೋಡ್ತಾ ಹೇಳಿದ್ರು, "ನೋಡಮ್ಮ, ಈ ಸಲ ಎರಡು ಸ್ಯಾಂಪಲ್ ಮಾಡೋಣ. ನಿಂದೊಂದು, ಧಾರವಾಡದವನದ್ದೊಂದು. ಕೋಚ್ ಯಾವುದು ಅಂತಾರೋ ಅದೇ ಇನ್ಮೇಲೆ ನಮ್ಮ ಪ್ಯಾಟರ್ನ್."

ಧಾರವಾಡದವನು ಅಂದ್ರೆ ಆ ವರ್ಷದ ಮಳೆಗಾಲಕ್ಕೆ ಕೆಲಸಕ್ಕೆ ಸೇರಿದ್ದ ಹುಡುಗ. ಹುಡುಗ ಅಂತ ನಾನು ಅಂತೀನಿ, ಮದುವೆ ವಯಸ್ಸು ದಾಟ್ತಾ ಇರೋ ಗಂಡಸು. ಅವನು ಬಂದಾಗಿನಿಂದ ನನಗೆ ನೆಮ್ಮದಿ ಇಲ್ಲ. ಯಾಕೆ ಅಂದ್ರೆ ಅವನು ಕತ್ತಿ ಮಾಡೋದು ಮಾತ್ರ ಅಲ್ಲ, ಆಡ್ತಾನೆ ಕೂಡ. ಭಾನುವಾರ ಇದೇ ಕೋಚ್ ಹತ್ರ ಹೋಗಿ ಮಾಸ್ಕು ಹಾಕ್ಕೊಂಡು ಹೊಡೆದಾಡಿ ಬರ್ತಾನೆ. ಕತ್ತಿ ಕೊಳ್ಳೋಕೆ ಬರೋ ಹುಡುಗರು ನನಗೆ 'ನಮಸ್ತೆ ಮೇಡಂ' ಅಂತಾರೆ, ಅವನಿಗೆ 'ಏನ್ ಗುರು, ಮಣಿಕಟ್ಟು ಹೆಂಗಿದೆ ಈಗ' ಅಂತ ಹೆಗಲ ಮೇಲೆ ಕೈ ಹಾಕ್ತಾರೆ. ಅವರೆಲ್ಲ ಸೇರಿ ಮಾತಾಡುವಾಗ ನಾನು ಗ್ರೈಂಡರ್ ಹತ್ರ ನಿಂತು, ನನ್ನದೇ ಕತ್ತಿ ಬಗ್ಗೆ ನನಗೆ ಗೊತ್ತಿಲ್ಲದ ಮಾತುಗಳನ್ನ ಕೇಳಿಸ್ಕೊಬೇಕಿತ್ತು.

ಅಷ್ಟೇ ಆಗಿದ್ರೆ ಸಹಿಸ್ಕೋತಿದ್ದೆ. ಪಾಲಿಶ್ ಮಾಡೋ ಅಕ್ಕ ನನ್ನ ಜೊತೆ ಎಷ್ಟೋ ವರ್ಷದಿಂದ ಊಟಕ್ಕೆ ಕೂರ್ತಿದ್ದೋಳು. ಅವನ ಶೇಂಗಾ ಚಟ್ನಿ, ಖಡಕ್ ರೊಟ್ಟಿ ರುಚಿ ಹತ್ತಿದ ಮೇಲೆ ಅವಳ ಡಬ್ಬಿ ಆ ಕಡೆ ಬೆಂಚಿಗೆ ಹೋಯ್ತು. 'ಅವನ ಮಾತು ಎಷ್ಟು ಸಿಹಿ ಕಣೇ' ಅಂತಾಳೆ. ಎಂಥ ಸಿಹಿ? ಒಂದು ಮಾತಿಗೆ ಮೂರು ಸಲ ರೀ ಹಚ್ಚಿದ್ರೆ ಸಿಹಿಯಾ? ಮನೇಲಿ ಇದನ್ನೆಲ್ಲ ಹೇಳ್ತಾ ಪಾತ್ರೆ ಕುಕ್ಕಿದ್ದಕ್ಕೆ, ಹೆಸರಘಟ್ಟದ ಕಡೆ ಹಳ್ಳಿಯಲ್ಲೇ ಹುಟ್ಟಿ ಬೆಳೆದ ನಮ್ಮತ್ತೆ ಅಂದ್ರು, "ಇಂಗ್ಯಾಕೆ ಆಡ್ತೀಯೇ? ಒಟ್ಟೆಕಿಚ್ಚು ಪಟ್ಕೊಂಡ್ರೆ ಒಟ್ಟೆ ಯಾರ್ದು ಸುಡೋದು?" ನನ್ನದೇ ಸುಡೋದು ಅಂತ ನನಗೆ ಗೊತ್ತಿಲ್ವಾ? ಗೊತ್ತಿದ್ರೆ ಆರಿಬಿಡುತ್ತಾ ಅದು?

ಕೆಲಸ ಶುರು ಆಯ್ತು. ಇಬ್ಬರಿಗೂ ಒಂದೇ ಪಟ್ಟಿಯಿಂದ ಕೊಯ್ದ ಸ್ಪ್ರಿಂಗ್ ಸ್ಟೀಲು. ನಾನು ನನ್ನ ಪ್ಯಾಟರ್ನಿಟ್ಟು ಕೊಯ್ದೆ, ಅವನು ಹೊಸದಾಗಿ ತಗಡು ಕತ್ತರಿಸ್ಕೊಂಡ. ಉಕ್ಕನ್ನ ಕುಲುಮೆಗೆ ಹಾಕೋ ಮುಂಚೆ ಸ್ವಲ್ಪ ದಪ್ಪಗೇ ಉಜ್ಜಿಟ್ಕೋಬೇಕು. ಆಮೇಲೆ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದೋದು. ಅದ್ದುವಾಗ ಕೈ ಒಂಚೂರು ವಾಲಿದ್ರೂ ಅಲಗು ಸೊಟ್ಟಗಾಗುತ್ತೆ. ನನ್ನದು ಸೊಟ್ಟಗಾಯ್ತು. ಅದರಲ್ಲೇನೂ ವಿಶೇಷ ಇಲ್ಲ, ಎಲ್ಲರದ್ದೂ ಆಗುತ್ತೆ. ಬಿಸಿ ಇಳಿಯೋದ್ರೊಳಗೆ ಎರಡು ಕಬ್ಬಿಣದ ಹಲಗೆ ಮಧ್ಯೆ ಸಿಗಿಸಿ ಬಿಗಿದು ಸರಿಮಾಡ್ಕೋತೀವಿ. ಆದರೆ ಅವನದು ಎಣ್ಣೆಯಿಂದ ನೆಟ್ಟಗೆ ಎದ್ದು ಬಂತು ನೋಡಿ, ಆಗ ನನ್ನ ಕಣ್ಣು ಕೆಂಪಾಯ್ತು. ಪಾಲಿಶ್ ಅಕ್ಕ ಚಪ್ಪಾಳೆ ಬೇರೆ ತಟ್ಟಿದಳು. ಅವನು ನನ್ನ ಹಲಗೆ ಬಿಗಿಯೋಕೆ ಸ್ಪ್ಯಾನರ್ ಹಿಡ್ಕೊಂಡು ಬಂದ. "ನಾ ಹಿಡೀತೀನ್ರಿ ಅಕ್ಕಾರ." ಬೇಡ, ನನಗೆ ಕೈ ಇದೆ ಅಂದೆ.

ಆಮೇಲೆ ಮತ್ತೆ ಹದವಾಗಿ ಕಾಯಿಸಿ ಗಡಸುತನ ಇಳಿಸಿದ್ದಾಯ್ತು. ಕೊನೆಯ ಉಜ್ಜೋ ಕೆಲಸ ಉಳಿದಿತ್ತು. ಕತ್ತಿಯ ಜೀವ ಇರೋದೇ ಅಲ್ಲಿ. ಹಿಡಿ ಹತ್ರ ದಪ್ಪ, ತುದಿ ಕಡೆ ಹೋಗ್ತಾ ಹೋಗ್ತಾ ತೆಳು. ಎಷ್ಟು ಬೇಗ ತೆಳುವಾಗುತ್ತೋ ಕೈಗೆ ಅಷ್ಟು ಹಗುರ ಅನ್ಸುತ್ತೆ. ಗೋಡೆಗೆ ಹಾಕೋರು ಅಂಗಡಿಯಲ್ಲಿ ಎತ್ತಿ ನೋಡಿ ಮನಸೋಲೋದು ಈ ಹಗುರಕ್ಕೇ. ನನ್ನ ಪ್ಯಾಟರ್ನಿನ ಗುಟ್ಟೂ ಅದೇ. ಅಲಗಿನ ನಡು ದಾಟಿದ ಮೇಲೆ ಸರಕ್ ಅಂತ ತೆಳ್ಳಗೆ ಇಳಿಸಿಬಿಡ್ತಿದ್ದೆ. ಈ ಸಲ ಅವನ ಅಲಗನ್ನ ಓರೆಗಣ್ಣಲ್ಲಿ ನೋಡಿ ನೋಡಿ ಇನ್ನಷ್ಟು ಇಳಿಸಿದೆ. ಅವನದು ಹಿಡಿಯಿಂದ ತುದಿತನಕ ಸೋಮಾರಿ ಥರ ನಿಧಾನಕ್ಕೆ ತೆಳುವಾಗ್ತಾ ಹೋಗಿತ್ತು, ಮುಂದುಗಡೆ ಭಾರ. ಎತ್ತಿದ ಕೂಡಲೇ ಕೋಚ್ ಮುಖ ಸಿಂಡರಿಸ್ತಾರೆ ಅಂತ ಲೆಕ್ಕ ಹಾಕಿ, ಬಹಳ ದಿನದ ಮೇಲೆ ಒಳ್ಳೆ ನಿದ್ದೆ ಮಾಡಿದೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಕತ್ತಿ ಮಾಡಿದವರು ಅದನ್ನ ಬಗ್ಗಿಸಿ ಪರೀಕ್ಷೆ ಮಾಡೋ ಹಾಗಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಅವರ ಕೈ ತಾನಾಗೇ ಮೆತ್ತಗಾಗುತ್ತೆ. ಅದಕ್ಕೆ ಬೇರೆಯವರೇ ಬಗ್ಗಿಸಬೇಕು. ಕಂಬದ ಪಕ್ಕ ನೆಲದಲ್ಲಿ ಮರದ ದಿಮ್ಮಿ ಇದೆ. ಕತ್ತಿಯ ತುದಿಯನ್ನ ಅದಕ್ಕೆ ಊರಿ, ಹಿಡಿಯನ್ನ ಎರಡೂ ಕೈಯಲ್ಲಿ ಕೆಳಕ್ಕೆ ಒತ್ತುತ್ತಾ ಹೋಗೋದು. ಕಂಬದ ಮೇಲೆ ಒಂದು ಕೆಂಪು ಗೆರೆ ಎಳೆದಿದೆ, ಹಿಡಿ ಅಲ್ಲಿತನಕ ಇಳೀಬೇಕು. ಅಷ್ಟರಲ್ಲಿ ಅಲಗು ಕಾಮನಬಿಲ್ಲಿನಂತೆ ಬಾಗಿರುತ್ತೆ. ಆಮೇಲೆ ನಿಧಾನಕ್ಕೆ ಬಿಟ್ಟು, ಅಲಗನ್ನ ಗ್ರಾನೈಟ್ ಕಲ್ಲಿನ ಮೇಲೆ ಮಲಗಿಸಿ, ಕೆಳಗಿನಿಂದ ಬೆಳಕು ತೂರುತ್ತಾ ಅಂತ ನೋಡೋದು. ತೂರಿದ್ರೆ ಅಲಗು ಡೊಂಕಾಗಿದೆ ಅಂತ ಅರ್ಥ.

ಕೋಚ್ ಬಂದ ದಿನ ಅವನ ಕತ್ತಿ ಬಗ್ಗಿಸೋ ಸರದಿ ನನ್ನದು, ನನ್ನದು ಬಗ್ಗಿಸೋದು ಅವನು. ನಾನು ಸೆರಗು ಸೊಂಟಕ್ಕೆ ಸಿಗಿಸಿದೆ. ಮನೆದೇವರಿಗೆ ಮನಸ್ಸಲ್ಲೇ ಕೈಮುಗಿದೆ. ಏನಂತ ಬೇಡ್ಕೊಂಡೆ ಅಂತ ಕೇಳಬೇಡಿ. ಒತ್ತಿದೆ, ಗೆರೆ ಮುಟ್ಟಿಸಿದೆ, ಗೆರೆ ಮೇಲೇ ಹಿಡ್ಕೊಂಡು ನಿಂತೆ. ತೋಳು ನಡುಗೋತನಕ ನಿಂತೆ. ಓನರ್ "ಸಾಕು ಬಿಡಮ್ಮ" ಅಂದಮೇಲೆ ಬಿಟ್ಟೆ. ಅಲಗು ನಿಂತ್ಕೊಳ್ತು, ನೆಟ್ಟಗೆ. ಕಲ್ಲಿನ ಮೇಲಿಟ್ರು, ಎಲ್ಲೂ ಬೆಳಕು ಕಾಣಲಿಲ್ಲ.

ಆಮೇಲೆ ಅವನು ನನ್ನದನ್ನ ಹಿಡಿದ. ಕೋಚ್, ಓನರ್ ಎದುರಿಗೆ ಕುರ್ಚಿ ಹಾಕ್ಕೊಂಡು ಅಲಗು ಬಾಗೋದನ್ನೇ ನೋಡ್ತಿದ್ರು. ಅವನ ಬೆನ್ನು ಅಡ್ಡ ಇದ್ದಿದ್ರಿಂದ ಕಂಬದ ಗೆರೆ ಅವರಿಗೆ ಕಾಣ್ತಿರಲಿಲ್ಲ. ನಾನು ಪಕ್ಕದಲ್ಲಿದ್ದೆ, ನನಗೆ ಕಾಣ್ತಿತ್ತು. ಒತ್ತಿದ, ಒತ್ತಿದ, ಗೆರೆಗೆ ಇನ್ನೂ ಒಂದು ಗೇಣು ಇದೆ ಅನ್ನುವಾಗ ನಿಂತ. ತಲೆ ಬಗ್ಗಿಸಿ ಅಲಗಿನ ಉದ್ದಕ್ಕೂ ಒಂದು ಸಲ ನೋಡಿದ. ಬಿಟ್ಟುಬಿಟ್ಟ.

"ಚಲೋ ಐತ್ರಿ," ಅಂದ.

ಅಲಗೇನೋ ನೆಟ್ಟಗೇ ಇತ್ತು. ಕಲ್ಲಿನ ಮೇಲೂ ಸರಿಯಾಗಿ ಕೂತಿತು. ಕೋಚ್ ಎದ್ದು ಎರಡೂ ಕತ್ತಿಯನ್ನ ಒಂದಾದ ಮೇಲೊಂದು ಬೀಸಿ ನೋಡಿದ್ರು. ಅವನದನ್ನ ಕೆಳಗಿಟ್ಟು ನನ್ನದನ್ನ ಮತ್ತೆ ಎತ್ಕೊಂಡ್ರು. "ಇದು ಸಖತ್ ಹಗುರ ಇದೆ ಸರ್, ಕೈ ಓಡುತ್ತೆ. ಇದನ್ನೇ ಮಾಡಿಬಿಡಿ," ಅಂದ್ರು. ಓನರ್ ನನ್ನ ಕಡೆ ತಿರುಗಿ ನಕ್ಕರು. ಅವನೂ ನಕ್ಕ. ನಿಜವಾಗ್ಲೂ ಖುಷಿಯಾದವನ ಥರ ನಕ್ಕ.

ಆ ನಗು ನೋಡಿ ನನಗೆ ಅಡಿಯಿಂದ ಮುಡಿತನಕ ಉರಿದುಹೋಯ್ತು. ಇವನು ಗೆರೆ ಮುಟ್ಟಿಸಲಿಲ್ಲ. ಬೇಕು ಅಂತಲೇ ಮುಟ್ಟಿಸಲಿಲ್ಲ. ಅಂದ್ರೆ ನನ್ನ ಪ್ಯಾಟರ್ನ್ ಉಳಿದಿದ್ದು ಇವನ ದಯೆಯಿಂದ. ನಾಳೆಯಿಂದ ಒಂದೊಂದು ಕತ್ತಿಗೆ ಗೆರೆ ಎಳೆಯುವಾಗಲೂ ಇದು ಧಾರವಾಡದವನು ಕೊಟ್ಟ ಭಿಕ್ಷೆ ಅಂತ ನನಗೆ ಅನ್ನಿಸಬೇಕಲ್ಲ? ಸುಮ್ಮನಿದ್ದಿದ್ರೆ ಎಲ್ಲ ನನ್ನದೇ ಆಗ್ತಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ. ಸತ್ಯ ಹರಿಶ್ಚಂದ್ರನ ಮನೆತನ ಏನಲ್ಲ ನಂದು. ಪಂದ್ಯ ಆಡೋರ ಪ್ರಾಣದ ಯೋಚನೆಯೂ ಆ ಗಳಿಗೆಯಲ್ಲಿ ನನಗೆ ಬರಲಿಲ್ಲ. ಇವನ ಕೈಯಿಂದ ಏನನ್ನೂ ತಗೋಬಾರದು, ಅಷ್ಟೇ ತಲೇಲಿ ಇದ್ದಿದ್ದು.

"ಸರ್, ಒಂದು ನಿಮಿಷ. ಇವನು ಪೂರ್ತಿ ಬಗ್ಗಿಸಿಲ್ಲ," ಅಂದೆ.

ಅವನು ಹತ್ತಿರ ಬಂದು ಮೆಲ್ಲಗೆ, "ಬ್ಯಾಡ್ರಿ ಅಕ್ಕಾರ, ಇರ್ಲಿ ಬಿಡ್ರಿ," ಅಂದ.

"ಯಾಕೋ ಬೇಡ? ನಿನ್ನ ಕತ್ತಿ ಮಾತ್ರ ಗೆರೆ ಮುಟ್ಟಬೇಕಾ? ಬಗ್ಗಿಸೋ!"

ಅವನು ಓನರ್ ಮುಖ ನೋಡಿದ. ಓನರ್ ತಲೆ ಆಡಿಸಿದ್ರು. ಮತ್ತೆ ತುದಿ ಊರಿ ಒತ್ತಿದ. ಈ ಸಲ ನಾನು ಅಲಗಿನ ಮೇಲೆ ಕಣ್ಣಿಟ್ಟಿದ್ದೆ. ಹಿಂದಿನ ಸಲ ನಿಲ್ಲಿಸಿದ್ದ ಜಾಗ ದಾಟಿದ ಮೇಲೆ ಅಲಗು ಉದ್ದಕ್ಕೂ ಬಾಗೋದು ನಿಂತುಹೋಯ್ತು. ಬಾಗೆಲ್ಲ ಒಂದೇ ಕಡೆ ಬಂದು ಸೇರ್ಕೊಳ್ತು. ನಾನು ಸರಕ್ ಅಂತ ತೆಳ್ಳಗೆ ಇಳಿಸಿದ್ದೆನಲ್ಲ, ಸರಿಯಾಗಿ ಅಲ್ಲೇ. ಗೆರೆ ಮುಟ್ಟಿಸಿ ಬಿಟ್ಟಾಗ ಅಲಗಿನ ಮುಂದಿನ ಭಾಗ ನೆಟ್ಟಗಾಗಲೇ ಇಲ್ಲ. ಕಲ್ಲಿನ ಮೇಲಿಡೋ ಅವಶ್ಯಕತೆಯೂ ಇರಲಿಲ್ಲ. ಆಡಿಕೊಳ್ಳೋರ ಮುಂದೆ ಎಡವಿ ಬಿದ್ದ ಹಾಗಾಯ್ತು ನನ್ನ ಪಾಡು. ಆಡಿಕೊಂಡಿದ್ರಾದ್ರೂ ಚೆನ್ನಾಗಿರ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಕೋಚ್ ಮಾತ್ರ ಆ ಡೊಂಕಿನ ಮೇಲೆ ಹೆಬ್ಬೆರಳು ಆಡಿಸಿ, "ಇದು ಪಂದ್ಯದಲ್ಲಿ ಮುರಿದಿದ್ರೆ..." ಅಂತ ಅರ್ಧಕ್ಕೇ ನಿಲ್ಲಿಸಿದ್ರು. ಆಗಲೇ ನನಗೆ ಆಡೋರ ನೆನಪು ಬಂದಿದ್ದು. ಅಲ್ಲಿತನಕ ನನಗೆ ಬರೀ ಮೊಳೆ, ತಗಡು, ಧಾರವಾಡದವನು, ಇಷ್ಟೇ ಕಾಣ್ತಿದ್ದಿದ್ದು.

ಉಕ್ಕು ಸರಿ ಇರಲಿಲ್ಲ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಕೇಳಿಸ್ತು ನನಗೇ. ಅವನ ಅಲಗೂ ಅದೇ ಪಟ್ಟಿಯದು.

ಅವನ ಪ್ಯಾಟರ್ನೇ ಗೆದ್ದಿತು. ಮುಂದುಗಡೆ ಭಾರ ಕಡಿಮೆ ಆಗೋ ಹಾಗೆ ಹಿಡಿ ತುದಿಯ ಗುಂಡನ್ನ ಸ್ವಲ್ಪ ದೊಡ್ಡದು ಮಾಡೋದು ಅಂತ ತೀರ್ಮಾನ ಆಯ್ತು. ನನ್ನ ತಗಡನ್ನ ಮೊಳೆಯಿಂದ ನಾನೇ ಇಳಿಸಿದೆ, ಬೇರೆ ಯಾರೂ ಮುಟ್ಟೋದು ಬೇಡ ಅಂತ. ಶೋಕಿ ಕತ್ತಿಗೆ ಇಟ್ಕೊಳ್ಳಮ್ಮ ಅಂದ್ರು ಓನರ್. ಶೋಕಿ ಕತ್ತಿಗಂತೆ!

ಆವತ್ತು ಸಂಜೆ ಟೀ ಅಂಗಡಿ ಹತ್ರ ಅವನನ್ನ ಹಿಡಿದು ನಿಲ್ಲಿಸಿದೆ. "ಯಾಕೋ ಅರ್ಧಕ್ಕೆ ಬಿಟ್ಟೆ? ನಿನಗೆ ಮೊದಲೇ ಗೊತ್ತಾಗಿತ್ತು ತಾನೇ?"

"ಕೈಗೆ ಗೊತ್ತಾತ್ರಿ. ಒಂದ ಕಡೆ ಮೆತ್ತಗ ಬರಾಕತ್ತಿತ್ತು. ಮಂದಿ ಮುಂದ ಹೆಂಗ ಮುರೀಲಿ ನಿಮ್ಮ ಮರ್ಯಾದಿ? ಹಿರೇರು ನೀವು. ಆಮ್ಯಾಲೆ ನಿಮಗೊಬ್ಬರಿಗೇ ಹೇಳೂಣಂತ ಮಾಡಿದ್ದೆ. ಅಲ್ಲೊಂಚೂರು ದಪ್ಪ ಬಿಟ್ರ ಸರಿ ಆಕ್ಕಿತ್ತು."

"ನೀನು ಹೇಳಿದ್ರೆ ನಾನು ಕೇಳ್ತಿದ್ನಾ?"

ಕೇಳ್ತಿರಲಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಅವನು ಹೇಳಿದ ಅಂತಲೇ ಇನ್ನಷ್ಟು ತೆಳ್ಳಗೆ ಉಜ್ಜಿರ್ತಿದ್ದೆ.

"ನಿನ್ನ ಮುಲಾಜಿಗೆ ಒಂದು ದಿನ ಯಾರದ್ದಾದ್ರೂ ಕಣ್ಣು ಹೋಗ್ತಿತ್ತು ಕಣೋ," ಅಂದೆ. "ನೀನೂ ಆಡೋನು. ಆ ಕಣ್ಣು ನಿಂದೇ ಆಗಿರಬಹುದಿತ್ತು. ದೊಡ್ಡ ಮನಸ್ಸಂತೆ, ಮರ್ಯಾದೆಯಂತೆ. ಕತ್ತಿ ಬಗ್ಗಿಸೋ ಜಾಗದಲ್ಲಿ ಮುಲಾಜು ಯಾಕೋ ಬೇಕು ನಿಂಗೆ?" ಅವನ ಮುಖ ಸಪ್ಪಗಾಯ್ತು. ನನಗೆ ಸ್ವಲ್ಪ ಹಿತ ಆಯ್ತು, ಸುಳ್ಳು ಯಾಕೆ ಹೇಳಲಿ.

ಪಂದ್ಯದ ಕತ್ತಿಗಳನ್ನ ಎಲ್ಲರೂ ಸೇರಿ ಮಾಡಿದ್ವಿ, ನಾನೂ ಮಾಡಿದೆ, ಅವನ ಪ್ಯಾಟರ್ನಿಟ್ಟು. ಕೈ ಒಗ್ಗಲಿಲ್ಲ ಮೊದಮೊದಲು. ಅಭ್ಯಾಸಬಲಕ್ಕೆ ಬೆರಳು ಆ ಹಳೇ ಜಾಗದಲ್ಲೇ ಹೆಚ್ಚು ಒತ್ತೋದು, ಬೈಕೊಂಡು ಬಿಡಿಸ್ಕೊಳ್ಳೋದು. ಸಂಜೆ ಹುಡುಗರು ಬಂದು ಅವನ ಸುತ್ತ ನಿಂತು 'ಗುರು, ಸೂಪರ್' ಅಂತಿದ್ರು. ಪಾಲಿಶ್ ಅಕ್ಕ ಅವನಿಗೆ ದೃಷ್ಟಿ ತೆಗೀಬೇಕು ಅಂತಿದ್ದಳು. ನನ್ನ ಕಣ್ಣೇ ಇದ್ಯಲ್ಲ, ಮೊದಲು ಅದರದ್ದು ತೆಗಿ ಅಂತ ನಾನು ಒಳಗೇ ಗೊಣಗ್ತಿದ್ದೆ. ಕಿಚ್ಚು ಒಂದು ಚೂರೂ ಇಳಿದಿರಲಿಲ್ಲ.

ಪಂದ್ಯಕ್ಕೆ ಹೊರಡೋ ಹಿಂದಿನ ದಿನ ಮಧ್ಯಾಹ್ನ, ಅವನು ತಾನು ಆಡೋಕೆ ಅಂತ ಮಾಡ್ಕೊಂಡಿದ್ದ ಕತ್ತಿ ತಂದು ನನ್ನ ಗ್ರೈಂಡರ್ ಪಕ್ಕ ನಿಂತ. ನಾನು ಮೆಷಿನ್ ಆರಿಸಿದೆ.

"ಅಕ್ಕಾರ, ಇದನ್ನ ನೀವ ಬಗ್ಗಸ್ರಿ."

"ಪಾಲಿಶ್ ಅಕ್ಕ ಇದ್ದಾಳಲ್ಲ, ನಿನ್ನ ಬಂಧು. ಅವಳಿಗೆ ಹೇಳು."

"ಆಕಿ ಬಗ್ಗಿಸ್ಯಾಳ್ರಿ. ಓನರ್ರೂ ಬಗ್ಗಿಸ್ಯಾರ. ಗೆರಿ ಮುಟ್ಟಿಸಿಲ್ಲ ಇಬ್ಬರೂ." ಹೇಳ್ತಾ ಹೇಳ್ತಾ ಅವನು ಕತ್ತಿಯ ಹಿಡಿಯನ್ನ ನನ್ನ ಕಡೆ ತಿರುಗಿಸಿದ. "ಎಲ್ಲಾರಿಗೂ ನನ್ನ ಮ್ಯಾಲೆ ಪ್ರೀತಿ. ಮೆತ್ತಗ ಒತ್ತತಾರ. ನಿಮಗ ಮಾತ್ರ ನನ್ನ ಕಂಡ್ರ ಆಗಂಗಿಲ್ಲ. ನಾಳೆ ಇದನ್ನ ಹಿಡಕೊಂಡು ಮನಷ್ಯಾನ ಎದುರಿಗೆ ನಿಂದ್ರಬೇಕ್ರಿ ನಾನು."

ಅವನಿಗೆ ಗೊತ್ತಿತ್ತು. ಶುರುವಿನಿಂದಲೂ ಗೊತ್ತಿತ್ತು. ನಾನು ಮುಚ್ಚಿಟ್ಕೊಂಡಿದ್ದೀನಿ ಅಂದುಕೊಂಡಿದ್ದ ಹೊಟ್ಟೆಕಿಚ್ಚನ್ನ ಇವನು ನೋಡ್ತಾನೇ ಇದ್ದ, ನೋಡ್ತಾನೇ ರೀ ಹಚ್ಚಿ ಮಾತಾಡ್ತಿದ್ದ. ಈಗ ಅದನ್ನೇ ನಂಬ್ಕೊಂಡು ಬಂದು ನಿಂತಿದ್ದಾನೆ. ಇದಕ್ಕಿಂತ ಉರಿಸೋ ಮಾತು ಇನ್ನೊಂದಿಲ್ಲ, ಇಷ್ಟು ದೊಡ್ಡ ಮಾತನ್ನ ಈ ಶೆಡ್ಡಲ್ಲಿ ನನಗೆ ಯಾರೂ ಅಂದಿರಲಿಲ್ಲ.

ಸೆರಗು ಸಿಗಿಸ್ಕೊಂಡೆ. ತುದಿಯನ್ನ ದಿಮ್ಮಿಗೆ ಊರಿ, ಅವನ ಮೇಲೆ ಇದ್ದಬದ್ದ ಸಿಟ್ಟನ್ನೆಲ್ಲ ಎರಡು ಕೈಗೆ ತಂದ್ಕೊಂಡು ಒತ್ತಿದೆ. ಗೆರೆ ಮುಟ್ಟಿತು. ಹಿಡ್ಕೊಂಡೆ. ಬಿಟ್ಟೆ. ಮಗ್ಗುಲು ತಿರುಗಿಸಿ ಆ ಕಡೆಯಿಂದ ಇನ್ನೊಂದು ಸಲ ಒತ್ತಿದೆ. ಮತ್ತೂ ಒಂದು ಸಲ ಒತ್ತಿದೆ. ಅವನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ, ಸಾಕು ಅನ್ನಲಿಲ್ಲ. ಆಮೇಲೆ ಕಲ್ಲಿನ ಮೇಲೆ ಮಲಗಿಸಿ, ನೆಲಕ್ಕೆ ಮಂಡಿಯೂರಿ, ಕಣ್ಣು ಕಿರಿದು ಮಾಡಿ ಅಲಗಿನ ಅಡಿಯಲ್ಲಿ ಹುಡುಕಿದೆ. ಹಾಳಾದ್ದು, ಎಲ್ಲೂ ಒಂದು ಕೂದಲೆಳೆಯಷ್ಟು ಬೆಳಕಿಲ್ಲ.

"ಹೋಗು, ಆಡು," ಅಂದೆ. "ಏನೂ ಆಗಲ್ಲ ನಿಂಗೆ."